ಹಾಡುಗಳ ನಡುವಿನ ಖಾಲಿ ಜಾಗ

ಸುಭದ್ರಾಬಾಯಿಗೆ ಆ ಕ್ಯಾಸೆಟ್ಟಿನ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು. ಇಪ್ಪತ್ತಮೂರು ವರ್ಷದ ಹಿಂದೆ, ಆಳಂದದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ, ಪಕ್ಕದ ಮನೆಯ ಖಾಸೀಂಬಿಯನ್ನು ಕೂಡಿಸಿಕೊಂಡು ಹದಿನಾಲ್ಕು ಜೋಗುಳ ರೆಕಾರ್ಡ್ ಮಾಡಿದ್ದರು. ಒಂದು ಬದಿ ಮುಗಿದರೆ ಟೇಪ್ ಡೆಕ್ಕು ತಾನೇ ಇನ್ನೊಂದು ಬದಿಗೆ ತಿರುಗಿಕೊಳ್ಳುತ್ತಿತ್ತು. ಹಾಡು ಮುಗಿದೊಡನೆ ಒಂದು ಗುಂಡಿ ಒತ್ತಿ ಹಿಡಿದರೆ, ಹಿಡಿದಷ್ಟು ಹೊತ್ತು ಟೇಪಿನ ಮೇಲೆ ಏನೂ ಬೀಳುತ್ತಿರಲಿಲ್ಲ. ಆ ಖಾಲಿ ಜಾಗವೇ ಗುರುತು. ಬೇಕಾದ ಹಾಡು ಹುಡುಕುವಾಗ ಡೆಕ್ಕು ಅಲ್ಲಿಗೆ ಓಡಿ ನಿಲ್ಲುತ್ತಿತ್ತು.

ಈಗ ಖಾಸೀಂಬಿಯ ಮೊಮ್ಮಗಳು ಇರಮ ಅಫಜಲಪುರದಿಂದ ಬಸ್ಸಿನಲ್ಲಿ ಬಂದು, ಎರಡು ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಡೆಕ್ಕಿನ ಮುಂದೆ ಕೂತಿದ್ದಳು. ಸುಭದ್ರಾಬಾಯಿಯ ಹಲ್ಲಿಲ್ಲದ ಬಾಯಿಗಾಗಲೆಂದು ಮೆತ್ತಗಿನ ಚಿಕ್ಕು ಆರಿಸಿ ತಂದಿದ್ದಳು. ಇರಮ ನಡೆಯಲು ಕಲಿಯುವ ಮೊದಲೇ ಖಾಸೀಂಬಿ ತೀರಿಕೊಂಡಿದ್ದಳು.

"ಹಾಡು ನಮ್ಮ ಅಮ್ಮೀಗೂ ಬರ್ತಾವ್ರಿ ಆಯಿ. ನಂಗ ನಾನಿ ಮಾತು ಬೇಕು. ಹಾಡೂಕಿಂತ ಮೊದಲ, ಇದು ಇಂಥಾ ಕೂಸಿಗೆ ಅಂತ ಹೆಸರು ಹಿಡಿದು ದುವಾ ಮಾಡ್ತಿದ್ದಳಂತ. ನನ್ನ ಹೆಸರೀಂದೂ ಒಂದೈತಂತ. ಅದ ಕೇಳಾಕ ಬಂದೇನಿ."

ಮೊದಲ ಜೋಗುಳ ಮುಗಿಯಿತು. ಮೌನ. ಎರಡನೆಯದು. ಮತ್ತೆ ಮೌನ. ಪ್ರತಿ ಸಲ ಇರಮ ಮುಂದಕ್ಕೆ ಬಾಗಿ ಕಿವಿ ಕೊಡುತ್ತಿದ್ದಳು. ಏಳನೆಯದು ಮುಗಿದಾಗ ಬಾಗಲಿಲ್ಲ.

"ಟೇಪು ಹಳೇದು, ಸವದಿರಬೇಕು. ಇರ್ಲಿ ಬಿಡ್ರಿ," ಎಂದು ಅವಳೇ ಸಮಾಧಾನ ಹೇಳಿದಳು.

ಹೌದೆಂದು ತಲೆ ಆಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಭದ್ರಾಬಾಯಿಗೆ ತಲೆ ಎತ್ತುವುದೇ ಆಗಲಿಲ್ಲ.

"ಸವದಿಲ್ಲವ್ವ. ನಾನ ಬೀಳಗೊಡಲಿಲ್ಲ. ಆಕಿ ಬಾಯಿ ತೆರೆದಳಂದ್ರ ಗುಂಡಿ ಒತ್ತತಿದ್ದೆ, ಮಾತು ಮುಗಿಯೂತನಾ ಬಿಡ್ತಿರಲಿಲ್ಲ. ನನಗ ಹಾಡಷ್ಟ ಬೇಕಾಗಿತ್ತು. ಮಾತು ಕಸ ಅನಿಸಿತ್ತು."

ಇರಮ ಕೂಸಿನ ಕುಂಚಿಗೆ ಸರಿಮಾಡಿದಳು.

ಅಷ್ಟರಲ್ಲಿ ಬದಿ ಮುಗಿದು ಡೆಕ್ಕು ಖಟ್ಟೆಂದು ತಿರುಗಿತು. ಅಂದು ರೆಕಾರ್ಡ್ ಮಾಡುವಾಗ ಅದು ಹೀಗೇ ತಿರುಗಿ ಮತ್ತೆ ಶುರುವಾದದ್ದು ಸುಭದ್ರಾಬಾಯಿಗೆ ಗೊತ್ತೇ ಆಗದೆ, ಬದಿ ಮುಗಿಯಿತೆಂದು ಗುಂಡಿಯಿಂದ ಬೆರಳು ತೆಗೆದಿದ್ದರು. ಅವರದೇ ಗಡಸು ದನಿ ಕೋಣೆಯ ತುಂಬ ಕೇಳಿತು.

"ಸಾಕಬೇ ಖಾಸೀಂಬಿ, ಎಷ್ಟ ವಟವಟ ಅಂತಿ! ಹಾಡಷ್ಟ ಹಾಡು."

ಹಿಂದೆಯೇ ಒಂದು ನಗು. "ಆತ್ರಿ ಬಾಯಾರ, ಸಿಟ್ಟಾಗಬ್ಯಾಡ್ರಿ. ಗುಂಡಿ ಒತ್ತಿ ಒತ್ತಿ ನಿಮ್ಮ ಬೆರಳು ನೊಂದಾವು. ಮೊದಲ ಚಾ ಕುಡೀರಿ."

ಸುಭದ್ರಾಬಾಯಿ ಸೆರಗನ್ನು ಮುಖಕ್ಕೆ ಒತ್ತಿಕೊಂಡರು.

"ಆಯಿ, ಹಿಂದಕ್ಕ ತಿರುವ್ರಿ," ಎಂದಳು ಇರಮ, ಕೂಸನ್ನು ಡೆಕ್ಕಿನ ಹತ್ತಿರ ಹಿಡಿದು. "ನಾನಿ ನಗೂದು ಇನ್ನೊಮ್ಮೆ ಕೇಳೋಣು."

ತಿರುವಿದರು. ಇನ್ನೊಮ್ಮೆ. ಮತ್ತೂ ಒಮ್ಮೆ. ಅಲ್ಲಿ ಡೆಕ್ಕು ಓಡಿ ನಿಲ್ಲುವಂಥ ಖಾಲಿ ಗುರುತು ಇರಲಿಲ್ಲ. ಆ ನಗುವಿಗೆ ಹೋಗಬೇಕಾದರೆ ಪ್ರತಿ ಸಲವೂ ಮೊದಲು ಆ ಗದರಿಕೆಯನ್ನು ಕೇಳಲೇಬೇಕಿತ್ತು.