ಗೆಂಡೆಮಡುವಿನ ಕಾವಲು

ಹೊನ್ನಾಳಿಯಿಂದ ಕೆಳಗೆ ಒಂದು ಕಡೆ ತುಂಗಭದ್ರೆ ಬಂಡೆಗಳ ನಡುವೆ ತಿರುಗಿ ಆಳವಾಗಿ ನಿಲ್ಲುತ್ತಾಳೆ. ಆ ಜಾಗಕ್ಕೆ ಗೆಂಡೆಮಡು ಎಂದು ಹೆಸರು. ಹೊಳೆ ಸೊರಗಿ ಮರಳು ಕಾಣುವ ಬೇಸಿಗೆಯಲ್ಲೂ ಅಲ್ಲಿ ಆಳು ಮುಳುಗುವಷ್ಟು ನೀರು. ಸುತ್ತಲಿನ ಗೆಂಡೆ, ಬಾಳೆಮೀನುಗಳೆಲ್ಲ ಅಲ್ಲಿ ಬಂದು ಜೀವ ಹಿಡಿದುಕೊಂಡಿದ್ದು, ಮುಂಗಾರು ಬಿದ್ದ ಮೇಲೆ ಹೊರಟು ಹೊಳೆಯನ್ನೆಲ್ಲ ತುಂಬುತ್ತಿದ್ದವು. ಹಾಗಾಗಿ ಬೇಸಿಗೆಯಲ್ಲಿ ಮಡುವಿಗೆ ಬಲೆ ಬೀಸಬಾರದೆಂದು ಬೆಸ್ತರು ತಮ್ಮತಮ್ಮಲ್ಲೇ ಕಟ್ಟು ಮಾಡಿಕೊಂಡಿದ್ದರು. ಅವರಲ್ಲೊಬ್ಬನಾದ ಗಾದ್ರಪ್ಪನ ಅಪ್ಪ ಆ ಕಟ್ಟು ಮುರಿಯದೆ ಸತ್ತ. ಗಾದ್ರಪ್ಪನೂ ಮುರಿದವನಲ್ಲ. ಮಡುವಿನ ಮೇಲ್ಗಡೆ ಹರಿಗೋಲು ಹಾಕಿ ಜನರನ್ನು ದಾಟಿಸುವುದು, ಮಳೆಗಾಲ ಕಳೆದ ಮೇಲೆ ಬಲೆ ಹಿಡಿಯುವುದು, ಇಷ್ಟೇ ಅವನ ಬದುಕು.

ಎಪ್ಪತ್ತೆಂಟರಲ್ಲಿ ಊರ ಹಿಂದಿನ ಗುಡ್ಡದಲ್ಲಿ ನಾಲೆ ಕೆಲಸಕ್ಕೆಂದು ಕಲ್ಲು ಕ್ವಾರಿ ಶುರುವಾಯಿತು. ಗಾದ್ರಪ್ಪನ ಹೆಂಡತಿ ತಿಪ್ಪಮ್ಮನ ತಮ್ಮ ಪಾಪಣ್ಣ ಬಂಡೆಗೆ ಮದ್ದು ತುಂಬುವ ಕೆಲಸಕ್ಕೆ ಸೇರಿದ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ತಿಪ್ಪಮ್ಮ. ಹೊಳೆಗಿಳಿಸಿ ಈಜು ಕಲಿಸಿದವನು ಗಾದ್ರಪ್ಪ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಮಡುವಿನ ಕಡೆಯಿಂದ ಢಂ ಎಂದು ಸದ್ದು ಬಂತು. ಗಾದ್ರಪ್ಪ ಓಡಿಹೋಗಿ ನೋಡಿದರೆ ನೀರಿನ ಮೇಲೆಲ್ಲ ಬೆಳ್ಳಗೆ ಹೊಟ್ಟೆ ಮೇಲಾದ ಮೀನು. ಪಾಪಣ್ಣನೂ ಕ್ವಾರಿಯ ಇನ್ನಿಬ್ಬರೂ ಬಂಡೆ ಸಿಡಿಸುವ ಮದ್ದಿನ ತೋಟೆಗೆ ಬತ್ತಿ ಹಚ್ಚಿ ನೀರಿಗೆ ಎಸೆದಿದ್ದರು. ಅಷ್ಟರಲ್ಲಾಗಲೇ ಊರಿಗೆ ಊರೇ ಪುಟ್ಟಿ ಹಿಡಿದು ಇಳಿದಿತ್ತು. ಜಾತ್ರೆಗೆ ಬಂದವರಂತೆ ನಗುತ್ತ ಮೀನು ಬಾಚುತ್ತಿದ್ದವರ ನಡುವೆ ತಿಪ್ಪಮ್ಮನೂ ಇದ್ದಳು.

ಸಂಜೆ ಮನೆಯಲ್ಲಿ ಮೀನುಸಾರಿನ ವಾಸನೆ. ಗಾದ್ರಪ್ಪ ತಟ್ಟೆ ಮುಟ್ಟಲಿಲ್ಲ.

"ಮೀನು ಹಿಡಿಯೋನು ನೀನು. ಇವತ್ತೇನು ಮಡಿ ಬಂತು?" ಎಂದಳು ತಿಪ್ಪಮ್ಮ.

"ತೇಲಿದ್ದು ಕಾಲುಪಾಲು ಕಣೇ. ಉಳಿದಿದ್ದು ತಳದಾಗೈತೆ. ನಾಳಿದ್ದು ನಾರ್ತೈತೆ, ನೋಡ್ತಿರು."

ನಾರಿತು. ಮೂಗು ಮುಚ್ಚಿಕೊಂಡೇ ಜನ ಹರಿಗೋಲು ಹತ್ತುವಂತಾಯಿತು. ಗಾದ್ರಪ್ಪ ಮುಳುಗಿ ನೋಡಿದ. ಬಂಡೆಗಳ ಸಂದಿಯಲ್ಲಿ ಬೆರಳುದ್ದದ ಮರಿಗಳು ಕೊಳೆತು ಕೆಸರಿನ ಹಾಗೆ ಬಿದ್ದಿದ್ದವು. ಕೈ ಹಾಕಿದರೆ ಕರಗಿ ಹೋಗುತ್ತಿದ್ದವು.

ಅವನು ಊರಗೌಡ ಕೊಟ್ರಬಸಪ್ಪನ ಜಗಲಿಗೆ ಹೋಗಿ ನಿಂತ. ಗೌಡರು ಸಮಾಧಾನವಾಗಿಯೇ ಕೇಳಿಸಿಕೊಂಡರು.

"ಅಲ್ಲೋ ಗಾದ್ರಪ್ಪ, ನಾವು ಲಿಂಗ ಕಟ್ಟಿದೋರು. ನಿಮ್ಮ ಮೀನಿನ ಪಂಚಾಯ್ತಿ ನಾವು ಹೆಂಗೆ ಮಾಡಾಕೆ ಆಗ್ತೈತೆ?"

"ಮೀನಿಂದಷ್ಟೇ ಅಲ್ರೀ ಗೌಡ್ರೆ, ಹೊಳೀದೂ ಐತೆ. ನೀವೂ ಅದೇ ನೀರು ಕುಡಿಯೋದು."

"ಹೊಳಿ ಹರೀತೈತೆ ಬಿಡು, ತನ್ನ ಕೊಳೆ ತಾನೇ ತೊಳಕಂತೈತೆ."

ಗಾದ್ರಪ್ಪ ಬಸ್ಸು ಹತ್ತಿ ಹೋಗಿ ಪೊಲೀಸರ ಮುಂದೆ ಹೇಳಿದ. ಅಲ್ಲಿದ್ದ ದಫೇದಾರ ನಕ್ಕು, ಮುಂದಿನ ಸಲ ದೊಡ್ಡದೊಂದು ಬಾಳೆಮೀನು ತಂದುಕೊಟ್ಟು ಆಮೇಲೆ ಮಾತಾಡು ಎಂದ. ಗಾದ್ರಪ್ಪ ಪಾಪಣ್ಣನ ಕೈ ಹಿಡಿದೂ ಕೇಳಿದ. "ನಾನು ಬಿಟ್ರೆ ಇನ್ನೊಬ್ಬ ಎಸೀತಾನೆ ಭಾವ. ನಮ್ಮ ಪಾಲು ಯಾಕೆ ಬಿಡಾನ?" ಎಂದು ಅವನು ಕೈ ಬಿಡಿಸಿಕೊಂಡ. ಆ ತಿಂಗಳು ಮತ್ತೆರಡು ಸಲ ಮಡು ಸಿಡಿಯಿತು.

ಆಮೇಲೆ ಗಾದ್ರಪ್ಪ ತನಗೆ ತೋಚಿದ್ದನ್ನು ಮಾಡಿದ. ಹರಿಗೋಲನ್ನು ಮಡುವಿನ ನಡುವೆ ಒಯ್ದು, ಕಲ್ಲಿಗೆ ಹಗ್ಗ ಕಟ್ಟಿ ಇಳಿಬಿಟ್ಟು, ಅದರಲ್ಲಿ ಕೂತ. ಮನುಷ್ಯ ಕೂತಿರುವಾಗ ತೋಟೆ ಎಸೆಯುವಷ್ಟು ಪಾಪಿಗಳು ಊರಲ್ಲಿಲ್ಲ ಎಂಬುದು ಅವನ ನಂಬಿಕೆ. ಬೆಳಿಗ್ಗೆ ನಾಲ್ಕು ಜನರನ್ನು ದಾಟಿಸಿ ಬಂದು ಕೂತರೆ ಹೊತ್ತು ಇಳಿಯುವ ತನಕ ಅಲ್ಲೇ. ದಡದಲ್ಲಿ ಕಾದವರು ಬೈದರು, ಆಮೇಲೆ ಸೇತುವೆಯ ದೂರದ ದಾರಿ ಹಿಡಿದರು. ತಿಪ್ಪಮ್ಮ ಬುತ್ತಿ ಕಳಿಸುವುದನ್ನು ನಿಲ್ಲಿಸಿದಳು. ತಲೆಯ ಮೇಲೆ ವಸ್ತ್ರ ಹೊದ್ದು ಅವನು ಬಿಸಿಲು ತಾಳುತ್ತ ಕೂತೇ ಇದ್ದ. ಉಳಿದ ಒಂದೆರಡು ಗೆಂಡೆ ಮೇಲೆ ಬಂದು ಬಾಯಿ ತೆರೆದು ಮುಚ್ಚಿದರೆ ಅವನಿಗೆ ಅಷ್ಟೇ ಸಾಕಾಗುತ್ತಿತ್ತು.

ಒಂದು ದಿನ ಕ್ವಾರಿಯವರು ಬಂದರು. ಜೊತೆಯವರ ಎದುರು ಸೋಲಲಾರದೆ ಪಾಪಣ್ಣ ಬಂಡೆ ಹತ್ತಿ ನಿಂತ. ಅವನ ಬಲಗೈಯಲ್ಲಿ ತೋಟೆ ಇತ್ತು.

"ಭಾವಾ, ಪಕ್ಕಕ್ಕೆ ಸರಿ!"

ಗಾದ್ರಪ್ಪ ಅಲುಗಲಿಲ್ಲ. ಅವನು ಸಾಕಿದ ಹುಡುಗ ಅದು. ಎಸೆಯಲಾರ ಎಂದು ಗೊತ್ತಿತ್ತು.

"ಬತ್ತಿ ಹಚ್ಚಿದೀನಿ ಭಾವಾ! ತಮಾಷೆ ಅಲ್ಲ!"

"ಎಸಿ. ನಂದೂ ಒಂದು ಹೆಣ ತೇಲಲಿ."

ಪಾಪಣ್ಣನ ಕೈ ಮೇಲೆ ಹೋಯಿತು, ಅಲ್ಲೇ ನಿಂತಿತು. ಕೊನೆಗೆ ಅವನು ಹಿಂದಿನ ಪೊದೆಯತ್ತ ಎಸೆಯಲು ತಿರುಗಿದ. ಬತ್ತಿ ಗಿಡ್ಡದಾಗಿತ್ತು. ತೋಟೆ ಕೈ ಬಿಡುವ ಮೊದಲೇ ಸಿಡಿಯಿತು.

ಜೊತೆಯವರು ದಿಕ್ಕಾಪಾಲಾಗಿ ಓಡಿದರು. ಗಾದ್ರಪ್ಪ ಹಗ್ಗ ಕುಯ್ದು ಹರಿಗೋಲನ್ನು ದಡಕ್ಕೆ ತಂದ. ತಲೆಯ ವಸ್ತ್ರ ಬಿಚ್ಚಿ ಪಾಪಣ್ಣನ ಮೊಣಕೈಗೆ ಬಿಗಿದು, ಅವನನ್ನು ಮಲಗಿಸಿಕೊಂಡು ಹುಟ್ಟು ಹಾಕಿದ. ಆಚೆ ದಡದಲ್ಲಿ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದ. ಜೀವ ಉಳಿಯಿತು. ಬಲಗೈ ಮಣಿಕಟ್ಟಿನ ಮೇಲಿಂದ ಹೋಯಿತು.

ಆಸ್ಪತ್ರೆಯ ವರಾಂಡದಲ್ಲಿ ತಿಪ್ಪಮ್ಮ ಅಳಲಿಲ್ಲ. ಗಂಡನ ಮುಂದೆ ಬಂದು ನಿಂತಳು.

"ನಾಕು ಮೀನು ಉಳಿಸಾಕೆ ನನ್ನ ತಮ್ಮನ ಕೈ ತೆಗೆದಿ. ಪಕ್ಕಕ್ಕೆ ಸರಿ ಅಂದಿದ್ದ, ನೀನು ಸರಿಲಿಲ್ಲ."

ಗಾದ್ರಪ್ಪ ಒಳಗೆ ಹೋಗಿ ಪಾಪಣ್ಣನ ಮಂಚದ ಬಳಿ ಕೂತ.

ಆ ಬೇಸಿಗೆ ಮಡುವಿಗೆ ಯಾರೂ ಹೋಗಲಿಲ್ಲ. ಮರುವರ್ಷ ಹೋದರು. ಕ್ವಾರಿಗೆ ಹೊಸ ಆಳು ಬಂದಿದ್ದರು, ತೋಟೆಗೇನೂ ಬರವಿರಲಿಲ್ಲ. ಮೊದಲ ಸದ್ದು ಕೇಳಿದಾಗ ಗಾದ್ರಪ್ಪ ನಡುಹೊಳೆಯಲ್ಲಿದ್ದ. ಹರಿಗೋಲಿನಲ್ಲಿದ್ದವರು ಅವನ ಮುಖ ನೋಡಿದರು. ಅವನು ಹುಟ್ಟು ಹಾಕುತ್ತಲೇ ಇದ್ದ. ಮಡುವಿನ ನಡುವೆ ಹೋಗಿ ಕೂರಲು ಅವನಿಗೆ ಮನಸ್ಸಿರಲಿಲ್ಲವೆಂದಲ್ಲ. ಅವತ್ತು ಬಂಡೆಯ ಮೇಲೆ ನಿಂತ ಕೈ ಕಣ್ಣಿಗೆ ಕಟ್ಟುತ್ತಿತ್ತು. ಇನ್ನೊಬ್ಬರ ಮನೆಯ ಹುಡುಗನ ಕೈಯ ಮೇಲೆ ಪಂಥ ಕಟ್ಟುವ ಧೈರ್ಯ ಅವನಿಗೆ ಉಳಿದಿರಲಿಲ್ಲ.

ಜನರನ್ನು ಇಳಿಸಿ ಈಚೆ ದಡಕ್ಕೆ ಬಂದಾಗ ಪಾಪಣ್ಣ ನೀರಂಚಿನಲ್ಲಿ ಕಾಯುತ್ತಿದ್ದ. ಕೆಲಸ ಹೋಗಿತ್ತು. ಕ್ವಾರಿಯ ಮೇಸ್ತ್ರಿ ಅವನ ಮುಖ ಕಂಡರೆ ತಿರುಗಿಕೊಂಡು ಹೋಗುತ್ತಿದ್ದ. ಪಾಪಣ್ಣ ಎಡಗೈಯಲ್ಲಿ ಒಂದು ಪುಟ್ಟಿ ಹಿಡಿದಿದ್ದ.

"ಭಾವ, ಹರಿಗೋಲಿನಾಗೆ ಮಡುವಿಗೆ ಬಿಡ್ತೀಯಾ? ಒಂದೇ ಕೈಲಿ ಈಜಾಕೆ ಆಗಾಕಿಲ್ಲ. ಎಲ್ಲಾರೂ ಬಾಚ್ತಾ ಅವ್ರೆ."

ಗಾದ್ರಪ್ಪ ಪುಟ್ಟಿ ಇಸಿದುಕೊಂಡು ಹರಿಗೋಲಿನೊಳಗಿಟ್ಟ. ಪಾಪಣ್ಣನ ಕಂಕುಳಿಗೆ ಕೈ ಕೊಟ್ಟು ಹತ್ತಿಸಿದ. ಮಡುವಿಗೆ ಹೋದಾಗ ತೇಲಿದ್ದು ಬಹಳವೇನಿರಲಿಲ್ಲ, ಇದ್ದದ್ದೂ ಅಂಗೈಯಗಲದವು. ಪಾಪಣ್ಣ ಅಂಚಿಗೆ ಬಾಗಿ ಎಡಗೈಯಿಂದ ಒಂದೊಂದೇ ಎತ್ತಿ ಹಾಕಿದ. ಅವನು ಆಯತಪ್ಪಿ ಬೀಳದಂತೆ ಗಾದ್ರಪ್ಪ ಹಿಂದಿನಿಂದ ಅವನ ಅಂಗಿ ಹಿಡಿದುಕೊಂಡಿದ್ದ.