ಮಂಜಯ್ಯನ ಹೆಸರು ಹೇಳಿದ ಡಾಕ್ಟರು

ಕುಂದಾಪುರದ ಡಾಕ್ಟರ್ ವನಜ ಅವರಿಗೆ ವೈದ್ಯವಿದ್ಯೆಯೆಲ್ಲ ಒಲಿದಿತ್ತು, ಮೆಲುದನಿಯಲ್ಲಿ ಮಾತನಾಡುವ ವಿದ್ಯೆಯೊಂದು ಮಾತ್ರ ಕಡೆಗೂ ಒಲಿಯಲಿಲ್ಲ. ಒಳಗಿನ ಕೋಣೆಯಲ್ಲಿ ಅವರು ಒಬ್ಬ ರೋಗಿಗೆ ಉಪ್ಪಿನಕಾಯಿ ಬಿಡಬೇಕೆಂದು ಹೇಳಿದರೆ, ಹೊರಗೆ ಬೆಂಚಿನ ಮೇಲೆ ಕುಳಿತವರೆಲ್ಲ ತಮ್ಮ ತಮ್ಮ ಮನೆಯ ಭರಣಿಗಳನ್ನು ನೆನೆದು ತಪ್ಪಿತಸ್ಥರಂತೆ ತಲೆ ತಗ್ಗಿಸುತ್ತಿದ್ದರು. ಆ ಕಂಠ ತಾಯಿ ಅಮ್ಮಣ್ಣಿಯಿಂದ ಬಂದದ್ದು. ಕೋಟದ ಪಡುಕರೆಯಿಂದ ಮೀನಿನ ಬುಟ್ಟಿ ಹೊತ್ತು ಕೇರಿ ಕೇರಿ ತಿರುಗಿ ಮಗಳನ್ನು ಓದಿಸಿದ ಆಕೆ ಬೀದಿಯ ತುದಿಯಲ್ಲಿ “ಹ್ವಾಯ್” ಎಂದರೆ ಕೊನೆಯ ಮನೆಯ ಒಲೆಯ ಮೇಲೆ ಮಸಾಲೆಯ ಸಿದ್ಧತೆ ಆರಂಭವಾಗುತ್ತಿತ್ತಂತೆ.

ನಡಿಗೆಯೂ ಕಡಲ ದಂಡೆಯದೇ. ಮರಳಲ್ಲಿ ಹೂತ ಹೆಜ್ಜೆಯನ್ನು ಕಿತ್ತು ಮುಂದಿಡುವವರ ಹಾಗೆ, ಮೊಣಕಾಲನ್ನು ತುಸು ಮೇಲೆತ್ತಿ, ಆಸ್ಪತ್ರೆಯ ನುಣುಪು ನೆಲದ ಮೇಲೂ ಅವರು ದಾಪುಗಾಲು ಹಾಕುತ್ತಿದ್ದರು. ಗುಂಡಿ ಹಾಕದ ಬಿಳಿಯ ಕೋಟು ಹಿಂದೆ ಹಾಯಿಯಂತೆ ಉಬ್ಬುತ್ತಿತ್ತು. ಇನ್ನೊಂದು ಹಟದ ಅಭ್ಯಾಸವಿತ್ತು: ರೋಗಿಯ ಎದೆಬಡಿತವನ್ನು ಕಣ್ಣುಮುಚ್ಚಿ ಆಲಿಸಿದ ಮೇಲೆ ಸ್ಟೆತಾಸ್ಕೋಪನ್ನು ಅವನ ಕಿವಿಗೇ ಸಿಕ್ಕಿಸಿ, “ಕೇಣಿ, ಇದ್ ನಿಮ್ದೇ. ಇದನ್ನ್ ಚಂದ ಕಾಣ್ಕಣಿ,” ಎಂದು, ಅದನ್ನು ಚೆನ್ನಾಗಿ ನೋಡಿಕೊಳ್ಳುವ ಹೊಣೆಯನ್ನು ಅವನಿಗೇ ಒಪ್ಪಿಸುವುದು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ರಕ್ತದೊತ್ತಡದ ರೋಗಿಯಾಗಿ ಅವರಲ್ಲಿಗೆ ಹೋಗಿ, ನನ್ನ ಎದೆಯ ಸದ್ದನ್ನು ಮೊದಲ ಬಾರಿ ಕೇಳಿ ನಾಚಿ, ಕ್ರಮೇಣ ಅವರ ಗೆಳೆಯನಾದೆ.

೧೯೯೭ರಲ್ಲಿ ಅವರು ಕುಂದಾಪುರದಲ್ಲಿ ಪುಟ್ಟ ಆಸ್ಪತ್ರೆ ತೆರೆದಾಗ ಸುತ್ತಲಲ್ಲಿ ಹೃದ್ರೋಗ ತಜ್ಞರಿರಲಿಲ್ಲ. ಎದೆನೋವೆಂದು ಬಂದವರನ್ನು ವಾಹನಕ್ಕೆ ಹತ್ತಿಸಿ ಹೆದ್ದಾರಿಗುಂಟ ದಕ್ಷಿಣದ ದೊಡ್ಡ ಆಸ್ಪತ್ರೆಗಳಿಗೆ ಕಳಿಸುವುದೇ ರೂಢಿ. ಮಂಜಯ್ಯ ಬಂದದ್ದು ಆ ಕಾಲದಲ್ಲಿ. ಕೊಲ್ಲೂರಿನಲ್ಲಿ ಯಾತ್ರಿಕರಿಗೆ ಜೀಪು ಓಡಿಸುತ್ತಿದ್ದ ಆತ, ಎದೆ ಹಿಂಡುವ ನೋವಿನಲ್ಲೇ ಹೆಂಡತಿ ಪುಷ್ಪಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಜೀಪು ನಡೆಸಿ ಬಂದಿದ್ದ. ಹೃದಯಾಘಾತವೆಂಬುದು ಇ.ಸಿ.ಜಿ.ಯಲ್ಲಿ ಸ್ಪಷ್ಟವಾಗಿತ್ತು. ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ವನಜರ ಫ್ರಿಜ್ಜಿನಲ್ಲೇ ಇತ್ತು. ಆದರೆ ಅದು ಕೆಲವೊಮ್ಮೆ ರಕ್ತಸ್ರಾವಕ್ಕೂ ಕಾರಣವಾಗುವ ಮದ್ದು. ಅವರು ನಗರದ ಹಿರಿಯ ತಜ್ಞರೊಬ್ಬರಿಗೆ ಫೋನು ಮಾಡಿ ಕೇಳಿದರು. “ಹೃದಯದ ಘಟಕವಿಲ್ಲದ ಕಡೆ ಆ ಸಾಹಸ ಬೇಡ, ಕೂಡಲೇ ಕಳಿಸಿಕೊಡಿ,” ಎಂದರು ತಜ್ಞರು. ವನಜ ಕಳಿಸಿದರು. ಬ್ರಹ್ಮಾವರ ಮುಟ್ಟುವ ಮೊದಲೇ ಮಂಜಯ್ಯನ ಉಸಿರು ನಿಂತಿತು.

ಉತ್ತರಕ್ರಿಯೆ ಮುಗಿಸಿ ಪುಷ್ಪ ಒಬ್ಬಳೇ ಆಸ್ಪತ್ರೆಗೆ ಬಂದು ಕೇಳಿದಳು: “ಅಮ್ಮಾ, ನಿಮ್ಮತ್ರ ಮದ್ದ್ ಇರ್ಲಿಲ್ಯಾ?”

“ಇದ್ದಿತ್,” ಎಂದರು ವನಜ. “ಕೊಡುಕೆ ಹೆದ್ರ್ದೆ.”

ಬೇರೊಂದು ಉತ್ತರ ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪುಷ್ಪ ಅವರ ಕೈ ಹಿಡಿದು ಅತ್ತಳಂತೆ. ಅಲ್ಲಿಂದ ವನಜರ ಬದುಕಿನ ದಿಕ್ಕು ಬದಲಾಯಿತು. ಆಸ್ಪತ್ರೆಗೆ ಬೀಗ ಹಾಕಿ, ದೂರದ ಹೃದ್ರೋಗ ವಿಭಾಗವೊಂದರಲ್ಲಿ ತಮಗಿಂತ ಕಿರಿಯ ವೈದ್ಯರ ನಡುವೆ ಮತ್ತೆ ವಿದ್ಯಾರ್ಥಿನಿಯಾಗಿ ನಿಂತು ಕಲಿತರು. ಹಿಂದಿರುಗಿ, ನಿಂತ ಹೃದಯಕ್ಕೆ ವಿದ್ಯುತ್ತಿನ ಪೆಟ್ಟು ಕೊಡುವ ಯಂತ್ರವನ್ನು ತಂದು, ದಾದಿಯರನ್ನು ತಯಾರು ಮಾಡಿ, ಮೊದಲ ಚುಚ್ಚುಮದ್ದನ್ನು ಕುಷ್ಟ ಎಂಬ ಮೀನುಗಾರನಿಗೆ ಯಾರ ಅಪ್ಪಣೆಗೂ ಕಾಯದೆ ಕೊಟ್ಟು, ಪಕ್ಕದಲ್ಲೇ ಕುಳಿತರು. ಕಣ್ಣುಬಿಟ್ಟ ಕುಷ್ಟ, “ಬಲಿ ಎಳ್ದ್ ಮುಗ್ಸಿರಾ?” ಎಂದು ಕೇಳಿದ, ದೋಣಿಯಲ್ಲೇ ಬಲೆ ಎಳೆಯುತ್ತಿದ್ದೇನೆಂದು ತಿಳಿದಿದ್ದನಾತ. ಬೈಂದೂರು, ತಲ್ಲೂರು, ಕೋಟ, ಬ್ರಹ್ಮಾವರಗಳ ವೈದ್ಯರನ್ನು ಕರೆದು ಕರೆದು ಕಲಿಸಿದರು. ಬಂದ ರೋಗಿಗಳೆಲ್ಲರೂ ಉಳಿಯಲಿಲ್ಲ, ಆದರೆ ಉಳಿದವರು ಹೆಚ್ಚಾಗುತ್ತ ಹೋದರು.

ದೇಶದ ಹೃದ್ರೋಗ ತಜ್ಞರೆಲ್ಲ ಸೇರುವ ವಾರ್ಷಿಕ ಮಹಾಸಮ್ಮೇಳನ ಆ ವರ್ಷ ಬೆಂಗಳೂರಿನಲ್ಲಿ; ೨೦೦೭ ಇರಬೇಕು. ವನಜರ ಪ್ರಬಂಧ ಅಲ್ಲಿಗೆ ಆಯ್ಕೆಯಾಯಿತು. ಮಂಜಯ್ಯನ ಸಂಗತಿಯಿಂದಲೇ ಅದು ಆರಂಭವಾಗುತ್ತಿತ್ತು. ಅದನ್ನು ಬಿಟ್ಟು ಗೆದ್ದದ್ದನ್ನಷ್ಟೇ ಹೇಳಿ ಎಂದು ಸ್ನೇಹಿತರು ಹೇಳಿದರು, ನಾನೂ ಹೇಳಿದೆ. “ಮಂಜಯ್ಯನ್ನ ಬಿಟ್ರೆ ಮತ್ತೆ ನಂಗೆ ಹೇಳುಕೆ ಎಂತ ಇತ್ತ್ ಮರಾಯ್ರೆ?” ಎಂದ ವನಜ, ಕೊಲ್ಲೂರಿಗೆ ಹೋಗಿ ಆ ಸಂಗತಿ ಹೇಳಬಹುದೇ ಎಂದು ಪುಷ್ಪಳನ್ನೇ ಕೇಳಿದರು. ಅವಳೆಂದಳು: “ಹೆಸ್ರ್ ಹೇಳಿಯೇ ಹೇಳಿ ಅಮ್ಮಾ. ಅಷ್ಟ್ ದೊಡ್ಡ ಡಾಕ್ಟ್ರ್‌ಗಳೆಲ್ಲ ಅವ್ರ್ ಹೆಸ್ರ್ ಕೇಳ್ಲಿ.”

ಬೇರೆ ಕೆಲಸಕ್ಕೆ ಬೆಂಗಳೂರಿನಲ್ಲಿದ್ದ ನನ್ನನ್ನೂ ಅತಿಥಿಯಾಗಿ ಕರೆದೊಯ್ದರು. ಹಡಗಿನಂಥ ಸಭಾಂಗಣ, ಗೋಡೆ ತುಂಬುವ ಪರದೆಗಳ ಮೇಲೆ ಮಿಡಿಯುವ ಹೃದಯಗಳು, ಹಲವು ದೇಶಗಳ ಪ್ರವೀಣರು. ವನಜರಿಗೆ ಸಿಕ್ಕಿದ್ದು ಒಂದು ಚಿಕ್ಕ ಕೋಣೆ. ಕಾಫಿ ಕುಡಿಯುತ್ತ ಆ ಗೋಷ್ಠಿಯ ಅಧ್ಯಕ್ಷರ ಹೆಸರನ್ನು ಓದಿದವರೇ ಲೋಟವನ್ನು ಕೆಳಗಿಟ್ಟರು.

“ಆವತ್ತ್ ಫೋನಂಗೆ ಇದ್ದದ್ದ್ ಇವ್ರೇ.”

“ಹೇಳ್ತೀರಾ?” ಎಂದೆ.

“ಹೇಳುದಿಲ್ಲೆ. ರೋಗಿ ಇದ್ದದ್ದ್ ನನ್ನೆದ್ರಿಗೆ, ಅವ್ರೆದ್ರಿಗೆ ಅಲ್ಲ.”

ವೇದಿಕೆ ಏರಿ ಮೈಕನ್ನು ಪಕ್ಕಕ್ಕೆ ಸರಿಸಿ ಅವರು ಮಾತನಾಡಿದರು. ಇಂಗ್ಲಿಷೂ ಅದೇ ಕಂಠದಲ್ಲಿ, ಅದೇ ಅವಸರದಲ್ಲಿ ಹೊರಟಿತು. ಪಕ್ಕದ ಕೋಣೆಯವರು ಇಣುಕಿದರು. ಕೆಲವರು ಒಳಗೆ ಬಂದು ನಿಂತೇ ಬಿಟ್ಟರು. ಮಂಜಯ್ಯನ ಹೆಸರು, ಊರು, ಜೀಪು, ಫ್ರಿಜ್ಜಿನಲ್ಲಿ ಉಳಿದ ಮದ್ದು, ಆಮೇಲೆ ಬದುಕಿದವರು, ರಕ್ತಸ್ರಾವದಿಂದ ಕೈತಪ್ಪಿಹೋದ ಇನ್ನೊಬ್ಬರು, ಎಲ್ಲವನ್ನೂ ಹೇಳಿದರು. ಮುಗಿದಾಗ ತರುಣ ವೈದ್ಯನೊಬ್ಬ ಎದ್ದು, ಮದ್ದು ಕೊಡಬೇಡಿ ಎಂದವರು ಯಾರು ಎಂದು ಖಾರವಾಗಿ ಪ್ರಶ್ನಿಸಿದ. ಆ ಕಾಲಕ್ಕೆ ಅದೇ ವಿವೇಕದ ಸಲಹೆಯಾಗಿತ್ತು, ನಿರ್ಧಾರ ನನ್ನದು, ಎಂದರು ವನಜ.

ಅಧ್ಯಕ್ಷರು ಕನ್ನಡಕ ತೆಗೆದರು. ತಲೆ ನರೆತ, ಇಡೀ ಸಮ್ಮೇಳನ ಎದ್ದು ನಿಂತು ಗೌರವಿಸುವಂಥ ಹಿರಿಯರು. “ಆ ದಿನ ಫೋನಿನಲ್ಲಿ ಇದ್ದವನು ನಾನು,” ಎಂದು ಸಭೆಗೆ ಇಂಗ್ಲಿಷಿನಲ್ಲಿ ಹೇಳಿ, ವನಜರ ಕಡೆ ತಿರುಗಿ ಕನ್ನಡದಲ್ಲೇ ಮುಂದುವರಿಸಿದರು: “ಅಮ್ಮಾ, ಇನ್ನು ನೀವು ಕೇಳಿ ಕೊಡಬೇಡಿ. ಕೊಟ್ಟು ನನಗೆ ತಿಳಿಸಿ. ನಿಮ್ಮ ಕಡೆಯ ವೈದ್ಯರಿಗೆಲ್ಲ ಹೀಗೆಂದು ಹೇಳಿ. ನನ್ನ ವಿಭಾಗದ ಬಾಗಿಲು ತೆರೆದಿರುತ್ತದೆ.”

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಹಿಂದಿನ ಸಾಲಿನಲ್ಲಿದ್ದ ನಾನು, ಹೃದಯದ ಕುರಿತು ಕವಿತೆಗಳಲ್ಲದೆ ಬೇರೇನೂ ಓದದ ಮನುಷ್ಯ, ಕುಂದಾಪುರದವನೆಂಬ ಹೆಮ್ಮೆಯಿಂದ ಎದ್ದು ನಿಂತಿದ್ದೆ. ವನಜ ಮಾತ್ರ ಊರಿಗೆ ಮರಳಿದವರೇ ಕೊಲ್ಲೂರಿಗೆ ಹೋಗಿ ಪುಷ್ಪಳಿಗೆ ಎಲ್ಲವನ್ನೂ ವರದಿ ಮಾಡಿದರು. ಹಿರಿಯರು ಮಾತು ಉಳಿಸಿಕೊಂಡರು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಸಣ್ಣ ಆಸ್ಪತ್ರೆಗಳು ಮದ್ದು ಕೊಟ್ಟ ಬಳಿಕ ಫೋನು ಮಾಡುವ ಕ್ರಮ ನೆಲೆಗೊಂಡಿತು. ಮುಂದಿನ ಸಮ್ಮೇಳನಗಳಲ್ಲಿ ಸಣ್ಣ ಊರುಗಳ ವೈದ್ಯರಿಗಾಗಿಯೇ ಗೋಷ್ಠಿ ನಡೆಯಿತು, ಒಮ್ಮೆ ಅದಕ್ಕೆ ವನಜರೇ ಅಧ್ಯಕ್ಷರಾದರು.

ವಿಜ್ಞಾನದ ಇತಿಹಾಸದಲ್ಲಿ ಹೊಸತನ್ನು ಕಂಡುಹಿಡಿದವರ ಹೆಸರುಗಳು ಉಳಿಯುತ್ತವೆ, ಅದು ನ್ಯಾಯವೇ. ಆದರೆ ಕಂಡುಹಿಡಿದದ್ದು ಕಟ್ಟಕಡೆಯ ಮನುಷ್ಯನ ನರದೊಳಕ್ಕೆ ಸಕಾಲದಲ್ಲಿ ಇಳಿಯಬೇಕಾದರೆ, ನಡುವೆ ಯಾರಾದರೊಬ್ಬರು ತಮ್ಮ ಭಯವನ್ನು ತಾವೇ ಒಪ್ಪಿಕೊಂಡು, ಅದನ್ನು ದಾಟಿ ನಿಲ್ಲಬೇಕಾಗುತ್ತದೆ. ಅಂಥವರು ತಮ್ಮ ಗೆಲುವಿಗೆ ಸಾಕ್ಷಿ ಹುಡುಕುವುದಿಲ್ಲ. ಉಳಿಸಲಾಗದೆ ಹೋದವನೊಬ್ಬನ ಋಣದಲ್ಲಿ ಉಳಿದವರನ್ನೆಲ್ಲ ಉಳಿಸುತ್ತ ಹೋಗುತ್ತಾರೆ. ಒಂದು ಸೀಮೆಗೆ ಅಂಥವರೊಬ್ಬರು ಇದ್ದರೆ ಸಾಕು, ಅಲ್ಲಿಯ ಜನ ನಿಶ್ಚಿಂತೆಯಿಂದ ಮುದುಕರಾಗುತ್ತಾರೆ.