ಬೆನ್ನು ಮುಚ್ಚಿದ ಪೆಟ್ಟಿಗೆ

ಪಿಲ್ಲಿಂಗ್ ತನ್ನ ವಾದ್ಯದಂಗಡಿಯ ವ್ಯಾನಿನಿಂದ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಇಳಿಸಿ ಕ್ಲಬ್ಬಿನ ವೇದಿಕೆಯ ಮೇಲೆ ಅಕ್ಕಪಕ್ಕ ಇಟ್ಟಾಗ ತಂಡಕ್ಕೆ ಡ್ರಮ್ಸ್ ಬಾರಿಸುವ ನಾರಿಸ್ ಮೊದಲು ನೋಡಿದ್ದು ಅವುಗಳ ಬೆನ್ನನ್ನು. ಒಂದರ ಹಿಂಬದಿ ಅರ್ಧ ತೆರೆದಿತ್ತು. ಒಳಗಿನ ತಂತಿ, ಸ್ಪೀಕರಿನ ಕಬ್ಬಿಣ ಎಲ್ಲ ಕಾಣುತ್ತಿದ್ದವು. ಇನ್ನೊಂದಕ್ಕೆ ದಪ್ಪ ಹಲಗೆ ಹಾಕಿ ಸುತ್ತಲೂ ತಿರುಪು ಬಿಗಿದಿದ್ದರು. ನಾರಿಸ್ ಆ ಹಲಗೆಯನ್ನು ಬೆರಳಿನಿಂದ ಒತ್ತಿ ನೋಡಿದ; ಅದು ಅಲುಗಲಿಲ್ಲ.

ನಾರಿಸನಿಗೆ ಕಿವಿ ಕೇಳಿಸುತ್ತಿರಲಿಲ್ಲ. ನೆಲ್ಸನ್ ಊರಿನ ನೇಯ್ಗೆ ಗಿರಣಿಯಲ್ಲಿ ಹದಿನೈದನೇ ವಯಸ್ಸಿನಿಂದ ನಾನೂರು ಮಗ್ಗಗಳ ನಡುವೆ ನಿಂತವನಿಗೆ ಐವತ್ತೆರಡಕ್ಕೆ ಉಳಿದದ್ದು ತಲೆಯೊಳಗೆ ಹಗಲೂ ರಾತ್ರಿ ಗುಂಯ್ ಎನ್ನುವ ಸದ್ದೊಂದೇ. ಇದು ಯಾರಿಗೂ ಗೊತ್ತಿರಲಿಲ್ಲ. ಆ ಊರಿನ ಗಿರಣಿಯವರೆಲ್ಲ ಮಗ್ಗದ ಗದ್ದಲದಲ್ಲಿ ತುಟಿ ನೋಡಿಯೇ ಮಾತಾಡಿ ರೂಢಿಯಾದವರು. ಎದುರಿನವರ ಬಾಯನ್ನೇ ದಿಟ್ಟಿಸುವ ಗಂಡಸಿನ ಮೇಲೆ ಅಲ್ಲಿ ಯಾರು ಅನುಮಾನ ಪಡುತ್ತಾರೆ?

ಹಾಗಾದರೆ ಡ್ರಮ್ಸ್ ಹೇಗೆ ಬಾರಿಸುತ್ತಿದ್ದ ಎಂದರೆ, ಕಾಲಿನಿಂದ. ತಂಡದ ಗಿಟಾರ್ ಹುಡುಗಿ ಗ್ಲೆನಿಸಳ ಹಳೆಯ ಪೆಟ್ಟಿಗೆ ಬೆನ್ನು ತೆರೆದದ್ದು. ಅವಳು ಗಿಟಾರ್ ಬಾರಿಸಿದರೆ ಸದ್ದು ಮುಂದಿನ ಜನಕ್ಕೆ ಹೋದಷ್ಟೇ ಹಿಂದೆ ಕೂತ ಇವನ ಕಡೆಗೂ ಬರುತ್ತಿತ್ತು. ಅದರ ಗಾಳಿ ಪ್ಯಾಂಟಿಗೆ ಬಡಿಯುತ್ತಿತ್ತು. ಆ ಬಡಿತವನ್ನು ಹಿಡಿದುಕೊಂಡು ಆರು ವರ್ಷ ಒಂದು ತಾಳವನ್ನೂ ತಪ್ಪಿಸಿರಲಿಲ್ಲ. ಹೆಂಡತಿ ತೀರಿಹೋಗಿದ್ದಳು, ಗಿರಣಿಗೆ ಬೀಗ ಬಿದ್ದಿತ್ತು. ಡ್ರಮ್ಸಿನ ಹಿಂದಿನ ಆ ಸ್ಟೂಲೂ ಕೈಬಿಟ್ಟರೆ ಮನೆಯ ಗೋಡೆ ನೋಡುತ್ತ ಕೂರಬೇಕು. ಅದನ್ನು ನೆನೆದರೇ ಅವನಿಗೆ ಭಯವಾಗುತ್ತಿತ್ತು.

“ಮಾರ್ಕಂಬಿನ ಹಾಲ್ ಈ ಕ್ಲಬ್ಬಿನ ಮೂರರಷ್ಟಿದೆ,” ಅಂದ ಪಿಲ್ಲಿಂಗ್. “ತೆರೆದದ್ದು ಅರ್ಧ ಸದ್ದನ್ನ ಹಿಂದಿನ ಪರದೆಗೇ ದಾನ ಮಾಡಿಬಿಡುತ್ತೆ. ಮುಚ್ಚಿದ್ದು ಹಾಗಲ್ಲ, ಕೊನೇ ಸಾಲಿನ ಮುದುಕಿ ಎದೆಗೂ ನೇರ ಹೋಗಿ ಗುದ್ದುತ್ತೆ.”

“ಮುದುಕಿಗೆ ಏನಾದ್ರೂ ಆದ್ರೆ ನಿನ್ನ ಅಂಗಡಿಗೇ ಕಳಿಸ್ತೀನಿ,” ಅಂದ ಡೆರಿಕ್. ಹಾಡುವವನೂ ಬೇಸ್ ಗಿಟಾರ್ ಬಾರಿಸುವವನೂ ಅವನೇ, ನಾಲಿಗೆಗೆ ಬಿಡುವಿಲ್ಲ.

ಶನಿವಾರ, ತಂಡಗಳಿಗೆ ಕೆಲಸ ಕೊಡಿಸುವ ಏಜೆಂಟ್ ಬಂದು ಇವರ ಹಾಡು ಕೇಳುವವನಿದ್ದ. ಅವನು ಒಪ್ಪಿದರೆ ಇಡೀ ಬೇಸಿಗೆ ಮಾರ್ಕಂಬಿನ ಕಡಲ ದಂಡೆಯಲ್ಲಿ ಕೆಲಸ. ಗ್ಲೆನಿಸ್ ಆ ಬೇಸಿಗೆಗಾಗಿ ಬಿಸ್ಕತ್ತು ಕಾರ್ಖಾನೆ ಬಿಡಲು ತಯಾರಾಗಿದ್ದಳು. ನಾರಿಸನ ಪಕ್ಕದ ಮಗ್ಗದಲ್ಲಿದ್ದ ಎಡ್ನಾಳ ಮಗಳು ಅವಳು; ಇವನ ಕಣ್ಣೆದುರೇ ಬೆಳೆದವಳು.

“ಮಾಮ, ನೀನು ಹೇಳು. ಯಾವುದು ತಗೊಳ್ಲಿ?”

“ತೆರೆದದ್ದೇ ಇರ್ಲಿ ಪುಟ್ಟಿ.”

“ಅವಳಿನ್ನೂ ಬಾರಿಸೇ ಇಲ್ವಲ್ಲೋ,” ಡೆರಿಕ್ ನಕ್ಕ. “ಕಣ್ಣಲ್ಲಿ ನೋಡಿದ್ರೆ ಹೀಗೇ ಆಗೋದು. ನಾನೂ ನೀನೂ ಆ ತುದಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲೋಣ. ಅವಳು ಒಂದಾದ ಮೇಲೆ ಒಂದು ಬಾರಿಸ್ಲಿ. ಒಂದನೇದೋ ಎರಡನೇದೋ, ಅಷ್ಟು ಹೇಳಿದ್ರೆ ಸಾಕು.”

ಬೇಡ ಎನ್ನಲು ಒಂದು ನೆಪವೂ ಹೊಳೆಯದೆ ನಾರಿಸ್ ಅವನ ಹಿಂದೆ ನಡೆದ. ಕ್ಲಬ್ಬಿನ ಆ ತುದಿಯಲ್ಲಿ ಕಲ್ಲಿನ ನೆಲ, ಮೇಲೆ ದಪ್ಪ ಕಾರ್ಪೆಟ್ಟು. ವೇದಿಕೆಯ ಮರದ ಹಲಗೆಯಂತೆ ಅದು ಕಾಲಿಗೆ ಏನನ್ನೂ ಹೇಳುವುದಿಲ್ಲ. ಗೋಡೆಗೆ ಮುಖ ಮಾಡಿದ ಮೇಲೆ ಲೋಕವೆಲ್ಲ ಗುಂಯ್ ಎಂಬ ಸದ್ದಾಯಿತು. ಅದರಲ್ಲಿ ಗಿಟಾರ್ ಎಲ್ಲಿ, ತಲೆಯ ರಗಳೆ ಎಲ್ಲಿ, ದೇವರಿಗೇ ಗೊತ್ತು.

ಉಳಿದದ್ದು ಡೆರಿಕ್‌ನ ಮುಖವೊಂದೇ. ನಾರಿಸ್ ಓರೆಗಣ್ಣಿನಲ್ಲಿ ಅದನ್ನೇ ಹಿಡಿದುಕೊಂಡ. ಡೆರಿಕ್ ಕಣ್ಣು ಮುಚ್ಚಿ ತಲೆ ಆಡಿಸಿದ. ಸರಿ, ಒಂದನೆಯದು. ತಲೆ ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಕೊನೆಗೆ ಡೆರಿಕ್ ಮತ್ತೆ ತಲೆ ಆಡಿಸಿದ. ಹಾಗಾದರೆ ಎರಡನೆಯದೂ ಆಯಿತು. ಅವನಿಗಿಂತ ಮೊದಲು ಹೇಳಿಬಿಟ್ಟರೆ ಯಾರಿಗೂ ಸಂಶಯ ಬರುವುದಿಲ್ಲ ಎಂದುಕೊಂಡ.

“ಎರಡನೇದು,” ಎಂದು ಗಟ್ಟಿಯಾಗಿ ಹೇಳಿ ತಿರುಗಿದ. “ಎರಡನೇದೇ ಚೆನ್ನಾಗಿತ್ತು.”

ವೇದಿಕೆಯ ಮೇಲೆ ಪಿಲ್ಲಿಂಗ್ ಇನ್ನೂ ಮಂಡಿಯೂರಿದ್ದ, ಎರಡನೇ ಪೆಟ್ಟಿಗೆಗೆ ಹಾಕಬೇಕಾದ ವೈರು ಕೈಯಲ್ಲೇ ಇತ್ತು. ಗ್ಲೆನಿಸಳ ಗಿಟಾರಿನ ಒಂದು ತಂತಿ ಹರಿದು ನೇತಾಡುತ್ತಿತ್ತು. ಡೆರಿಕ್ ತನ್ನಷ್ಟಕ್ಕೆ ಯಾವುದೋ ಹಾಡು ಗುನುಗುತ್ತ ತಲೆ ಆಡಿಸುತ್ತಿದ್ದವನು ಬಾಯಿ ತೆರೆದು ನಿಂತ.

“ಎರಡನೇದನ್ನ ಅವಳಿನ್ನೂ ಮುಟ್ಟೇ ಇಲ್ಲ,” ಅಂದ. “ಭವಿಷ್ಯ ಹೇಳೋಕೆ ಶುರು ಮಾಡಿದ್ಯೇನೋ?”

ನಾರಿಸ್ ನಗಲು ನೋಡಿದ, ಆಗಲಿಲ್ಲ. ಗ್ಲೆನಿಸ್ ಗಿಟಾರ್ ಇಳಿಸಿಟ್ಟು ಹತ್ತಿರ ಬಂದಳು. ಅವನ ಮುಖವನ್ನೇ ನೋಡಿದಳು.

“ಟೀ ಕುಡೀತೀಯಾ ಮಾಮ?”

“ಬೇಡ ಪುಟ್ಟಿ, ಆಮೇಲೆ.”

ಡೆರಿಕ್ ಅವನನ್ನು ನೋಡಿದ, ಅವಳನ್ನು ನೋಡಿದ. “ಏನು ಬೇಡ? ಯಾರ ಹತ್ರ ಮಾತಾಡ್ತಿದ್ದೀಯ?”

ಆಗ ನಾರಿಸನಿಗೆ ಅರ್ಥವಾಯಿತು. ಅವಳು ದನಿಯನ್ನೇ ಹೊರಡಿಸಿರಲಿಲ್ಲ. ಬರೀ ತುಟಿ ಆಡಿಸಿದ್ದಳು, ಅವಳ ಅಮ್ಮ ಗಿರಣಿಯಲ್ಲಿ ಮಾಡುತ್ತಿದ್ದಂತೆ.

‘ಎಷ್ಟು ದಿನದಿಂದ?’ ಮತ್ತೆ ತುಟಿ ಮಾತ್ರ.

ಅವನೂ ತುಟಿಯಲ್ಲೇ ಹೇಳಿದ. ‘ಆರು ವರ್ಷ. ನಿನ್ನ ಪೆಟ್ಟಿಗೆ ಹಿಂದೆ ಕೂತ್ರೆ ಕಾಲಿಗೆ ಗೊತ್ತಾಗುತ್ತೆ.’

ಗ್ಲೆನಿಸ್ ಪಿಲ್ಲಿಂಗ್ ಕಡೆಗೆ ತಿರುಗಿದಳು. “ತೆರೆದದ್ದೇ ಕೊಡಿ,” ಅಂದಳು. ಮಾರ್ಕಂಬಿನ ಹಾಲ್‌ಗೆ ಅದು ಸಾಲದು ಎಂದು ಡೆರಿಕ್ ಶುರು ಮಾಡಿದ. ನನಗೆ ಇದೇ ಬೇಕು, ಸುಮ್ಮನಿರು ಎಂದು ಅವಳು ಗದರಿದಳು. ಎಡ್ನಾಳ ಮಗಳು ತನಗಾಗಿ ಬೇಸಿಗೆಯನ್ನೇ ಕಳೆದುಕೊಳ್ಳುತ್ತಿದ್ದಾಳೆ. ಸಿಕ್ಕಿಬೀಳುವ ಭಯಕ್ಕಿಂತ ಈ ಭಯ ದೊಡ್ಡದಿತ್ತು.

“ನಂಗೆ ಕಿವಿ ಕೇಳಲ್ಲ,” ಅಂದ ನಾರಿಸ್. “ಅವಳಿಗೆ ಮುಚ್ಚಿದ್ದು ಕೊಡು ಪಿಲ್ಲಿಂಗ್. ಶನಿವಾರಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

ಮೂರೂ ಬಾಯಿಗಳು ಒಟ್ಟಿಗೆ ಆಡತೊಡಗಿದವು. ಒಂದನ್ನೂ ಹಿಡಿಯಲಾಗಲಿಲ್ಲ. ಆಮೇಲೆ ಮೂವರೂ ಆ ಕಡೆ ತಿರುಗಿ ತಮ್ಮತಮ್ಮಲ್ಲೇ ಮಾತಾಡಿದರು. ಅವನಿಗೆ ಕಂಡದ್ದು ಮೂರು ಬೆನ್ನು. ಕುರ್ಚಿ ಎಳೆದುಕೊಂಡು ಕೂತ. ತನ್ನ ತೀರ್ಪು ತನಗೇ ಕೇಳಿಸುತ್ತಿಲ್ಲವಲ್ಲ ಎಂದು ಜೀವ ಹಿಡಿಯಾಯಿತು.

ಗ್ಲೆನಿಸ್ ಬಂದು ಅವನೆದುರು ಕುಕ್ಕರುಗಾಲಲ್ಲಿ ಕೂತಳು. ನಿಧಾನವಾಗಿ, ಬಾಯಿ ಅಗಲಿಸಿ ಹೇಳಿದಳು.

“ಮುಚ್ಚಿದ್ದೇ ತಗೋತೀವಿ. ಸದ್ದೆಲ್ಲ ಜನಕ್ಕೆ ಹೋಗ್ಲಿ. ನಾನು ನಿನ್ನ ಕಡೆ ಮುಖ ಮಾಡಿ ನಿಂತು ತಾಳ ಹೇಳ್ತೀನಿ, ನೋಡ್ಕೊಂಡು ಬಾರ್ಸು.”

“ಏಜೆಂಟ್‌ಗೆ ನಿನ್ನ ಬೆನ್ನೇ ಕಾಣುತ್ತಲ್ಲ ಪುಟ್ಟಿ.”

“ಕಾಣ್ಲಿ. ನನ್ನ ಬೆನ್ನಿಗೇನಾಗಿದೆ?”

ನಾರಿಸನಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಮುಖ ಮುಚ್ಚಿಕೊಳ್ಳಲು ಹೋದ ಅವನ ಎರಡೂ ಕೈಗಳನ್ನು ಅವಳು ಹಿಡಿದು ಕೆಳಗಿಳಿಸಿದಳು. ಅವಳ ಮಾತು ಇನ್ನೂ ಮುಗಿದಿರಲಿಲ್ಲ.